ನಾಯಿಗೂಡಿನಲ್ಲಿ ಗೆಲ್ಲಲು 15 ಸೂತ್ರಗಳು

ಮಣಿಪಾಲದಲ್ಲಿ ಕೆಲಸ ಸಿಕ್ಕಿತು, ಫ್ಲ್ಯಾಟ್ ಸಿಕ್ಕಿತು, ಬೆನ್ನಿಗೇ ನಾಯಿಮರಿಯೂ ಮನೆ ಸೇರಿತು. ಈಗ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಹೊತ್ತಿಗೆ ಒಂದು ಕಾಲಿನ ಶೂ ಕಾಣುವುದಿಲ್ಲ, ಲ್ಯಾಪ್‌ಟಾಪ್ ಚಾರ್ಜರಿನ ವಯರ್ ಎರಡು ತುಂಡು, ಹಾಲ್‌ನಲ್ಲಿ ಮೂರು ಕಡೆ ಕೆರೆ. ಮರಿಗೆ ಬೈಯಬೇಡಿ. ಪ್ಲಾನಿಂಗ್ ನಿಮ್ಮದು, ತಪ್ಪಿದ್ದೂ ನೀವೇ. ಇವತ್ತೇ ಸರಿಮಾಡಿ.

ಬೇಕಾದ್ದು ಒಂದು ಕ್ರೇಟ್, ನಮ್ಮ ಕಡೆಯ ಮಾತಿನಲ್ಲಿ ಗೂಡು. ಉಡುಪಿ, ಕಾಪು, ಕಾರ್ಕಳದ ಮನೆಗಳಿಗೆ ಗೂಡು ಹೊಸದೇನಲ್ಲ. ಹಗಲಿಡೀ ಗೂಡಿನೊಳಗೆ ಕೂಡಿಹಾಕು, ರಾತ್ರಿ ಗೇಟ್ ಹಾಕಿ ಅಂಗಳಕ್ಕೆ ಬಿಡು: ಇದು ಹಳೇ ರೂಢಿ. ಆ ರೂಢಿಯನ್ನು ಮೊದಲು ತಲೆಯಿಂದ ತೆಗೆಯಿರಿ. ಅಲ್ಲಿ ಗೂಡು ಜೈಲು. ನಿಮಗೆ ಬೇಕಾದ್ದು ನಾಯಿ ತಾನಾಗಿ ಹೋಗಿ ಕಾಲು ಚಾಚಿ ಮಲಗುವ ಕೋಣೆ. ಎರಡಕ್ಕೂ ಕಬ್ಬಿಣ ಒಂದೇ, ಬಳಸುವವರ ಟೈಮ್‌ಟೇಬಲ್ ಬೇರೆ.

1. ಗುರಿ ಬರೆದು ಫ್ರಿಜ್‌ಗೆ ಅಂಟಿಸಿ.
"ಒಂದು ತಿಂಗಳಲ್ಲಿ, ಬಾಗಿಲು ತೆರೆದೇ ಇದ್ದರೂ ನಾಯಿ ಗೂಡಿಗೆ ಹೋಗಿ ಮಲಗಬೇಕು." ಇಷ್ಟೇ ಬರೆಯಿರಿ. ಗುರಿ ಇಲ್ಲದೆ ತಂದ ಕ್ರೇಟ್ ಆರು ತಿಂಗಳಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗುತ್ತದೆ. ಮನೆಯೊಳಗೆ ಉಚ್ಚೆ ಮಾಡದಂತೆ ಕಲಿಸಲು, ರಾತ್ರಿ ನಿದ್ದೆಗೆ, ಪಶು ಆಸ್ಪತ್ರೆಗೆ ಒಯ್ಯಲು, ಪಟಾಕಿಯ ದಿನಕ್ಕೆ: ಗೂಡಿಗೆ ಹತ್ತು ಉಪಯೋಗ. ನಿಮಗೆ ಮೊದಲು ಬೇಕಾದ ಒಂದನ್ನು ಆರಿಸಿ, ಅದರಿಂದ ಶುರುಮಾಡಿ.

2. ಮೊದಲು ಟೇಪ್, ಆಮೇಲೆ ಆರ್ಡರ್.
ನಾಯಿಯನ್ನು ನೆಟ್ಟಗೆ ನಿಲ್ಲಿಸಿ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆದು ನಾಲ್ಕು ಇಂಚು ಸೇರಿಸಿ: ಅದು ಗೂಡಿನ ಉದ್ದ. ನೆಲದಿಂದ ನೆತ್ತಿಗೆ, ಕಿವಿ ನೆಟ್ಟಗಿದ್ದರೆ ಕಿವಿಯ ತುದಿಗೆ, ಅಳೆದು ಎರಡು ಮೂರು ಇಂಚು ಸೇರಿಸಿ: ಅದು ಎತ್ತರ. ತಲೆ ತಗ್ಗಿಸದೆ ನಿಲ್ಲಬೇಕು, ಸಲೀಸಾಗಿ ಸುತ್ತು ತಿರುಗಬೇಕು, ಅಡ್ಡಬಿದ್ದು ಕಾಲು ಚಾಚಬೇಕು. ಈ ಮೂರೂ ಆಗದಿದ್ದರೆ ಡಿಸ್ಕೌಂಟ್ ಎಷ್ಟೇ ಇರಲಿ, ಬೇಡ ಅನ್ನಿ.

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ 24, 30, 36, 42, 48 ಇಂಚಿನವು ಸಿಗುತ್ತವೆ. ಶಿ ಟ್ಜೂಗೆ 24, ಬೀಗಲ್‌ಗೆ 30ರಿಂದ 36, ಮಧ್ಯಮ ಗಾತ್ರದ ಊರ ನಾಯಿಗೆ 36, ಲ್ಯಾಬ್ರಡಾರ್‌ಗೆ 42. ಕಾರ್ಕಳದವರಿಗೆ ಈ ಕೊನೆಯದು ಮರೆಯುವುದೇ ಇಲ್ಲ: ಊರಿನ ಗೊಮ್ಮಟ 42 ಅಡಿ, ಲ್ಯಾಬ್‌ನ ಗೂಡು 42 ಇಂಚು. ಆದರೆ ಚಾರ್ಟ್ ನೋಡಿ ಕಣ್ಣುಮುಚ್ಚಿ ಕೊಳ್ಳಬೇಡಿ. ಅನೇಕ ಚಾರ್ಟ್‌ಗಳು ತೂಕದ ಲೆಕ್ಕದವು. ನಮ್ಮದೇ ರಾಜ್ಯದ ಮುಧೋಳ ನಾಯಿ ಅದಕ್ಕೆ ಸಿಗುವುದಿಲ್ಲ: ತೂಕ ಕಡಿಮೆ, ಭುಜದ ಎತ್ತರವೇ 70 ಸೆಂಟಿಮೀಟರ್ ಆಸುಪಾಸು. ತೂಕ ನೋಡಿ ತಂದ ಗೂಡಿನಲ್ಲಿ ಅದು ಕತ್ತು ಬಗ್ಗಿಸಿಯೇ ನಿಲ್ಲಬೇಕಾದೀತು.

ಮರಿ ಆಗಿದ್ದರೆ ದೊಡ್ಡದಾದಾಗಿನ ಅಳತೆಗೇ ಕೊಳ್ಳಿ, ನಡುವೆ ಡಿವೈಡರ್ ಹಾಕಿ ಜಾಗ ಕಿರಿದು ಮಾಡಿ. ನಾಯಿ ತಾನು ಮಲಗುವ ಜಾಗವನ್ನು ಹೊಲಸು ಮಾಡಲು ಇಷ್ಟಪಡುವುದಿಲ್ಲ. ಜಾಗ ಹೆಚ್ಚಾದರೆ ಒಂದು ಮೂಲೆ ಬೆಡ್‌ರೂಮ್, ಇನ್ನೊಂದು ಮೂಲೆ ಟಾಯ್ಲೆಟ್.

3. ಊರು ನೋಡಿ ಸಾಮಗ್ರಿ ಆರಿಸಿ.
ಬೆಂಗಳೂರಿನ ರಿವ್ಯೂ ಓದಿ ಕಾಪುವಿಗೆ ಗೂಡು ತರಿಸಬೇಡಿ. ಕಡಲ ಬದಿಯ ಗಾಳಿಯಲ್ಲಿ ಉಪ್ಪುಂಟು. ಕಾಪು ಲೈಟ್‌ಹೌಸಿನ ಆಸುಪಾಸು, ಮಲ್ಪೆ, ಪಡುಬಿದ್ರಿ ಕಡೆ ಸಾದಾ ಕಬ್ಬಿಣ ಒಂದು ಮಳೆಗಾಲ ಕಂಡರೆ ಸಾಕು, ಮೂಲೆಗಳು ಕೆಂಪಾಗುತ್ತವೆ. ತುಕ್ಕು ಮೊದಲು ಹಿಡಿಯುವುದು ಸರಳುಗಳಿಗಲ್ಲ, ಬಾಗಿಲಿನ ತಿರುಗಣಿಗೆ ಮತ್ತು ಬೆಸುಗೆ ಹಾಕಿದ ಗಂಟುಗಳಿಗೆ. ಅಲ್ಲಿ ಬಣ್ಣ ಎದ್ದು ಬಂದ ಚಕ್ಕೆಯನ್ನು ಮರಿ ನೆಕ್ಕುತ್ತದೆ, ಚೂಪಾದ ಅಂಚು ತುಟಿ ಸೀಳುತ್ತದೆ. ಕಡಲ ಬದಿಯವರು ಗಟ್ಟಿ ಪ್ಲಾಸ್ಟಿಕ್ ಅಥವಾ ಒಳ್ಳೆ ಸ್ಟೇನ್‌ಲೆಸ್ ಸ್ಟೀಲ್ ನೋಡಿ. ಮಡಚುವ ತಂತಿ ಕ್ರೇಟೇ ಬೇಕೆಂದರೆ ಪೌಡರ್ ಕೋಟಿಂಗ್ ಇರುವುದನ್ನು ತನ್ನಿ, ಮನೆಯೊಳಗೇ ಇಡಿ.

ಮಣಿಪಾಲದ ಫ್ಲ್ಯಾಟಿಗೆ ಮಡಚುವ ತಂತಿ ಕ್ರೇಟ್ ಸರಿಹೋಗುತ್ತದೆ. ನಾಲ್ಕೂ ಕಡೆ ಗಾಳಿ, ಮನೆ ಬದಲಿಸುವಾಗ ಕೈಯಲ್ಲಿ ಹಿಡಿದು ಹೊರಡಬಹುದು. ಕಾರ್ಕಳದ ಕಡೆ ಹಂಚಿನ ಮನೆ, ದೊಡ್ಡ ಚಾವಡಿ ಇದ್ದವರು ಭಾರದ ಗೂಡನ್ನು ಒಂದೇ ಕಡೆ ಸ್ಥಿರವಾಗಿ ಇಟ್ಟುಕೊಳ್ಳಬಹುದು. ಬಟ್ಟೆಯ ಕ್ರೇಟ್ ಚಂದ ಕಾಣುತ್ತದೆ, ಹಗುರ. ಆದರೆ ಹಲ್ಲು ಬರುತ್ತಿರುವ ಮರಿಗೆ ಅದು ತಿಂಡಿ. ಮರದ ಪೆಟ್ಟಿಗೆಯಂತೂ ಬೇಡವೇ ಬೇಡ: ಉಚ್ಚೆ ಹೀರುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಸಂದಿಗಳಲ್ಲಿ ಉಣ್ಣಿ ಮೊಟ್ಟೆ ಇಡುತ್ತದೆ.

4. ವೆಲ್ಡಿಂಗ್ ಶಾಪ್‌ನಲ್ಲಿ ನೀವೇ ಎಂಜಿನಿಯರ್.
ಗೇಟ್, ಗ್ರಿಲ್ ಮಾಡುವಲ್ಲಿ ಹೇಳಿ ಗೂಡು ಮಾಡಿಸುವುದು ನಮ್ಮ ಕಡೆ ಮಾಮೂಲು. ಒಳ್ಳೆಯದೇ, ಬೇಕಾದ ಅಳತೆಗೆ ಸಿಗುತ್ತದೆ. ಆದರೆ "ಒಂದು ನಾಯಿಗೂಡು ಮಾಡಿಕೊಡಿ" ಎಂದು ಹೇಳಿ ಮನೆಗೆ ಬಂದರೆ ಅವರು ಮಾಡಿಕೊಡುವುದು ಕಿಟಕಿ ಗ್ರಿಲ್‌ನ ಪೆಟ್ಟಿಗೆ. ಕಾಗದದಲ್ಲಿ ಚಿತ್ರ ಬರೆದು ಒಯ್ಯಿರಿ. ನಾಲ್ಕು ವಿಷಯ ಖಡಕ್ಕಾಗಿ ಹೇಳಿ.

ಒಂದು, ಸರಳುಗಳ ನಡುವಿನ ಅಂತರ. ನಾಯಿಯ ತಲೆ ತೂರಬಾರದು, ಪಂಜ ಹೊರಬಂದು ಸಿಕ್ಕಿಕೊಳ್ಳಬಾರದು. ಮರಿ ಇದ್ದರೆ ಒಂದು ಇಂಚಿಗಿಂತ ಹೆಚ್ಚು ಬೇಡ. ಎರಡು, ನೆಲ. ಬರೀ ಸರಳಿನ ನೆಲದ ಮೇಲೆ ನಿಂತ ನಾಯಿಯ ಬೆರಳು ಅಗಲವಾಗುತ್ತದೆ, ಪಾದದಲ್ಲಿ ಹುಣ್ಣಾಗುತ್ತದೆ. ಅಡಿಗೆ ಜಾರಿಸಿ ತೆಗೆಯುವ ಟ್ರೇ, ಅದರ ಮೇಲೆ ರಬ್ಬರ್ ಮ್ಯಾಟ್. ಮೂರು, ಚಿಲಕ. ಮೂತಿಯಿಂದ ತಳ್ಳಿದರೆ ಎದ್ದುಬರುವ ಕೊಂಡಿ ಬೇಡ. ಅಡ್ಡಕ್ಕೆ ಜಾರಿ, ಕೆಳಕ್ಕೆ ಬೀಳುವ ಅಗುಳಿ ಮಾಡಿಸಿ. ನಾಲ್ಕು, ಬೆಸುಗೆಯ ಗಂಟು. ಗ್ರೈಂಡಿಂಗ್ ಆದ ಮೇಲೆ ನೀವೇ ಹೋಗಿ, ಒಳಗೆ ಕೈ ಹಾಕಿ, ಪ್ರತಿ ಮೂಲೆಯ ಮೇಲೆ ಒಂದು ತುಂಡು ಹಳೇ ಲುಂಗಿ ಎಳೆಯಿರಿ. ಬಟ್ಟೆಯ ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ನಾಳೆ ನಾಯಿಯ ಕಣ್ಣೋ ಕಿವಿಯೋ ಸಿಕ್ಕಿಕೊಳ್ಳುತ್ತದೆ. ಅಲ್ಲೇ ನಿಂತು ಮತ್ತೆ ಉಜ್ಜಿಸಿ. ಸಂಕೋಚ ಪಡಬೇಡಿ, ದುಡ್ಡು ಕೊಡುವವರು ನೀವು. ಪೇಂಟ್ ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ಗೂಡು ಅಂಗಳದಲ್ಲಿರಲಿ, ನಾಯಿ ಒಳಗೆ ಬೇಡ.

5. ಸೆಕೆಂಡ್ ಹ್ಯಾಂಡ್ ಬುದ್ಧಿವಂತರ ಆಯ್ಕೆ. ಆದರೆ ತೊಳೆದು ಬಳಸಿ.
ಕೋರ್ಸ್ ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಗಳು ಬಿಟ್ಟುಹೋಗುವ ಕ್ರೇಟ್‌ಗಳು ಮಣಿಪಾಲದಲ್ಲಿ ಅಗ್ಗಕ್ಕೆ ಸಿಗುತ್ತವೆ. ಹಳೇ ನಾಯಿಗೆ ಪಾರ್ವೋ ಬಂದಿತ್ತೇ ಎಂದು ನೇರವಾಗಿ ಕೇಳಿ. ಆ ವೈರಸ್ ತಿಂಗಳುಗಟ್ಟಲೆ ವಸ್ತುಗಳ ಮೇಲೆ ಉಳಿಯುತ್ತದೆ, ಮರಿಗಳ ಜೀವ ತೆಗೆಯುತ್ತದೆ. ಸೋಪಿನಲ್ಲಿ ತೊಳೆದ ಮೇಲೆ 1 ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಪೂರ್ತಿ ಒದ್ದೆ ಮಾಡಿ, ಹತ್ತು ನಿಮಿಷ ಬಿಡಿ, ಚೆನ್ನಾಗಿ ತೊಳೆದು ಬಿಸಿಲಿಗಿಡಿ. ಮರಿಗೆ ಲಸಿಕೆಗಳು ಪೂರ್ತಿ ಆಗುವವರೆಗೆ ಮೂಲ ಗೊತ್ತಿಲ್ಲದ ಕ್ರೇಟ್ ಮನೆಗೆ ತರಲೇಬೇಡಿ.

6. ಜಾಗ ತಪ್ಪಿದರೆ ಗೂಡು ಒವನ್.
ಏಪ್ರಿಲ್, ಮೇ ಸೆಕೆ ನಿಮಗೆ ಗೊತ್ತುಂಟು: ಬೆವರು ಒಣಗುವುದೇ ಇಲ್ಲ. ನಾಯಿಗೆ ಮೈಯಿಂದ ಬೆವರಿ ತಂಪಾಗುವ ದಾರಿಯೇ ಇಲ್ಲ, ಏದುಸಿರು ಬಿಟ್ಟೇ ತಂಪಾಗಬೇಕು. ಗಾಳಿಯಲ್ಲಿ ಪಸೆ ಹೆಚ್ಚಿದಷ್ಟೂ ಅದು ಕೆಲಸ ಮಾಡುವುದಿಲ್ಲ. ಪಗ್, ಬುಲ್‌ಡಾಗ್, ಶಿ ಟ್ಜೂನಂಥ ಮೊಂಡು ಮೂತಿಯವಕ್ಕೆ ಇದು ಇನ್ನೂ ಕಷ್ಟ. ಆದ್ದರಿಂದ ತಗಡಿನ ಶೀಟಿನ ಅಡಿ ಬೇಡ, ಪಡುವಣ ಬಿಸಿಲು ಬೀಳುವ ಸಿಟ್‌ಔಟ್ ಬೇಡ, ಗಾಳಿಯಾಡದ ಸ್ಟೋರ್‌ರೂಮ್ ಬೇಡ. ಜನ ಓಡಾಡುವ ಹಾಲ್‌ನ ಒಂದು ಮೂಲೆ, ಫ್ಯಾನ್ ತಾಗುವ ಜಾಗ ಬೇಕು. ಮೆಸ್ಕಾಂ ಕರೆಂಟ್ ತೆಗೆದರೆ ಫ್ಯಾನ್ ನಿಲ್ಲುತ್ತದೆ. ಇನ್ವರ್ಟರ್ ಇಲ್ಲದವರು ಸೆಕೆಗಾಲದಲ್ಲಿ ನಾಯಿಯನ್ನು ಕೂಡಿಹಾಕಿ ಮನೆಗೆ ಬೀಗ ಹಾಕಬೇಡಿ.

ಅಂಗಳದಲ್ಲೇ ಇಡುವುದಾದರೆ ತಲೆಯೆತ್ತಿ ನೋಡಿ: ತೆಂಗಿನ ಮರದ ಅಡಿ ಇಡಬೇಡಿ. ತಲೆತಗ್ಗಿಸಿಯೂ ನೋಡಿ: ಗೂಡಿನ ಅಡಿಗೆ ಚೆಲ್ಲಿದ ಅನ್ನಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಗೂಡಿಗೆ ಕಾಲಿರಲಿ, ನೆಲದಿಂದ ಒಂದು ಅಡಿ ಎತ್ತರವಿರಲಿ, ಊಟದ ತಟ್ಟೆ ರಾತ್ರಿ ಹೊರಗಿರದಿರಲಿ. ಇರುವೆ ಕಾಟ ಇದ್ದರೆ ಕಾಲುಗಳ ಅಡಿಗೆ ನೀರಿನ ಬಟ್ಟಲು ಇಡಿ.

7. ಚಿರತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.
ಬೇರೆ ಊರಿನ ಪುಸ್ತಕದಲ್ಲಿ ಈ ಸೂತ್ರ ಸಿಗುವುದಿಲ್ಲ. ಕಾರ್ಕಳ, ಹೆಬ್ರಿ ಕಡೆಯವರಿಗೆ ಹೇಳಬೇಕಾಗಿಯೂ ಇಲ್ಲ. ಕಾಡು ಹಾಡಿ ಅಂಟಿಕೊಂಡ ಮನೆಗಳ ಅಂಗಳಕ್ಕೆ ಚಿರತೆ ಬರುವುದು ಹೆಚ್ಚಾಗಿ ನಾಯಿಗಾಗಿ. ಸರಪಳಿಯಲ್ಲಿ ಕಟ್ಟಿದ ನಾಯಿ ಅದಕ್ಕೆ ತಟ್ಟೆಗೆ ಬಡಿಸಿಟ್ಟ ಊಟ. ಅರಣ್ಯ ಇಲಾಖೆಯವರು ಚಿರತೆ ಹಿಡಿಯಲು ಬೋನು ಇಡುವಾಗ ಒಳಗೆ ನಾಯಿಯನ್ನು ಇಡುವುದನ್ನು ನೀವೇ ಕಂಡಿರಬಹುದು. ಅಂದಮೇಲೆ ನಿಮ್ಮ ಅಂಗಳದ ಗೂಡು ರಾತ್ರಿ ಹೊತ್ತು ಏನಾಗಿ ಕಾಣುತ್ತದೆ ಎಂದು ಯೋಚಿಸಿ.

ಹಾಗಾಗಿ ರಾತ್ರಿ ನಾಯಿ ಮನೆಯೊಳಗೆ. ಜಗಲಿಗೆ ಗ್ರಿಲ್ ಇದ್ದರೆ ಗ್ರಿಲ್‌ನ ಒಳಗೆ, ಗೋಡೆಯ ಬದಿಗೆ. ತೆಳು ತಂತಿಯ ಕ್ರೇಟ್ ಅನ್ನು ಅಂಗಳದಲ್ಲಿಟ್ಟು "ಬಾಗಿಲು ಹಾಕಿದ್ದೇನೆ" ಎಂದು ನಿದ್ದೆ ಮಾಡಬೇಡಿ. ಅದು ನಾಯಿಯ ಹಲ್ಲಿಗೆ ಲೆಕ್ಕ ಹಾಕಿ ಮಾಡಿದ್ದು, ಚಿರತೆಯ ಪಂಜಕ್ಕೆ ಅಲ್ಲ. "ನಾಯಿ ಒಳಗಿದ್ದರೆ ಕಾವಲು ಯಾರು?" ಎಂದು ಹಿರಿಯರು ಕೇಳುತ್ತಾರೆ. ಒಳಗಿನಿಂದಲೂ ನಾಯಿಗೆ ಕಿವಿ ಕೇಳುತ್ತದೆ, ಬೊಗಳುತ್ತದೆ. ನೀವು ಲೈಟ್ ಹಾಕಬೇಕು, ಅಷ್ಟೆ. ಸತ್ತ ನಾಯಿ ಕಾವಲು ಕಾಯುವುದಿಲ್ಲ.

8. ಮೊದಲ ದಿನಗಳಲ್ಲಿ ಬಾಗಿಲು ಮುಟ್ಟಬೇಡಿ.
ಸೋಲುವವರೆಲ್ಲ ಸೋಲುವುದು ಇಲ್ಲೇ. ಕ್ರೇಟ್ ಬಂದ ದಿನವೇ ಮರಿಯನ್ನು ಎತ್ತಿ ಒಳಗೆ ತುರುಕಿ, ಚಿಲಕ ಹಾಕಿ, ಆಫೀಸಿಗೆ ಹೊರಡುತ್ತಾರೆ. ಸಂಜೆ ಬಂದು "ನಮ್ಮ ನಾಯಿಗೆ ಕ್ರೇಟ್ ಆಗುವುದಿಲ್ಲ ಮಾರಾಯ್ರೆ" ಎನ್ನುತ್ತಾರೆ. ನಾಯಿಗೆ ಆಗುತ್ತದೆ. ನಿಮಗೆ ತಾಳ್ಮೆ ಆಗುವುದಿಲ್ಲ.

ಸರಿಯಾದ ಕ್ರಮ ಹೀಗೆ. ಬಾಗಿಲನ್ನು ಹಿಂದಕ್ಕೆ ಮಡಚಿ ದಾರದಿಂದ ಕಟ್ಟಿಬಿಡಿ, ತಾನಾಗಿ ಬಡಿದು ಹೆದರಿಸಬಾರದು. ಬೇಯಿಸಿದ ಕೋಳಿಯ ಎಲುಬಿಲ್ಲದ ತುಂಡು, ಮುಳ್ಳು ತೆಗೆದು ಉಪ್ಪು ಹಾಕದೆ ಬೇಯಿಸಿದ ಬಂಗುಡೆ, ಸಸ್ಯಾಹಾರದ ಮನೆಯಾದರೆ ಪನೀರ್ ಅಥವಾ ಬೆಂದ ಕ್ಯಾರೆಟ್: ಬೆರಳಿನ ಉಗುರಿನಷ್ಟು ಚೂರು ಸಾಕು. ಒಂದು ಚೂರು ಬಾಗಿಲ ಹೊರಗೆ, ಒಂದು ಹೊಸ್ತಿಲಲ್ಲಿ, ಒಂದು ಒಳಗೆ ಹಾಕಿ. ನೀವು ದೂರ ಕೂತು ಮೊಬೈಲ್ ನೋಡಿ. ಮರಿ ಬರುತ್ತದೆ. ಹಿಂಗಾಲು ಹೊರಗೇ ಊರಿ, ಕತ್ತು ಮಾತ್ರ ಉದ್ದ ಮಾಡಿ, ಮೀನಿನ ಚೂರು ಕಚ್ಚಿ, ಕಳ್ಳನಂತೆ ಹಿಂದಕ್ಕೆ ಜಿಗಿಯುತ್ತದೆ. ಶಬಾಶ್, ಮೊದಲ ದಿನದ ಪರೀಕ್ಷೆ ಪಾಸ್. ದೂಡಬೇಡಿ, ಎಳೆಯಬೇಡಿ, ಕರೆಯಲೂಬೇಡಿ.

ಮರುದಿನದಿಂದ ಊಟದ ತಟ್ಟೆ ಬಾಗಿಲ ಹತ್ತಿರ, ಆಮೇಲೆ ನಡುವೆ, ಆಮೇಲೆ ಹಿಂದಿನ ಗೋಡೆಗೆ ತಾಗಿಸಿ ಇಡಿ. ನಾಲ್ಕೂ ಕಾಲು ಒಳಗಿಟ್ಟು ಬಾಲ ಆಡಿಸುತ್ತಾ ಉಣ್ಣತೊಡಗಿದಾಗ ಬಾಗಿಲು ಮೆಲ್ಲ ಹಾಕಿ, ಊಟ ಮುಗಿಯುವ ಮೊದಲೇ ತೆಗೆಯಿರಿ. ಬಾಗಿಲು ಮುಚ್ಚಿದ್ದು ಅದಕ್ಕೆ ಗೊತ್ತೇ ಆಗಬಾರದು. ನಂತರ ಹತ್ತು ಸೆಕೆಂಡ್, ಒಂದು ನಿಮಿಷ, ಐದು ನಿಮಿಷ. ಮೊದಲು ಪಕ್ಕದಲ್ಲೇ ಕೂತು, ಆಮೇಲೆ ಅಡುಗೆಮನೆಗೆ ಹೋಗಿ ಬಂದು, ಆಮೇಲೆ ಮೆಟ್ಟಿಲು ಇಳಿದು ಹತ್ತಿ. ಒಂದು ಹಂತದಲ್ಲಿ ಕೊಸರಾಡಿದರೆ ಹಿಂದಿನ ಹಂತಕ್ಕೆ ಮರಳಿ. ಕೆಲವು ಮರಿಗಳಿಗೆ ವಾರ ಸಾಕು, ಕೆಲವಕ್ಕೆ ತಿಂಗಳು ಬೇಕು.

ಕಮಾಂಡ್ ಒಂದೇ ಇರಲಿ. ಅಜ್ಜಿ ತುಳುವಿನಲ್ಲಿ, ಅಮ್ಮ ಕೊಂಕಣಿಯಲ್ಲಿ, ನೀವು ಇಂಗ್ಲಿಷಿನಲ್ಲಿ ಕರೆದರೆ ಮರಿ ಮೂವರ ಮುಖ ನೋಡುತ್ತಾ ಅಲ್ಲೇ ಕೂರುತ್ತದೆ. "ಗೂಡಿಗೆ" ಎಂದರೆ ಗೂಡಿಗೆ. ಮನೆಯವರೆಲ್ಲ ಒಪ್ಪಿಕೊಂಡು ಅದನ್ನೇ ಹೇಳಿ.

9. ಗಡಿಯಾರದ ಜತೆ ಚೌಕಾಸಿ ಮಾಡಬೇಡಿ.
ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ. ಅಷ್ಟು ಗಂಟೆಗಿಂತ ಹೆಚ್ಚು ಅದು ಉಚ್ಚೆ ತಡೆಯಲಾರದು. ಎರಡು ತಿಂಗಳಿನದ್ದಕ್ಕೆ ಮೂರು ಗಂಟೆ, ಅದೂ ಗರಿಷ್ಠ. ದೊಡ್ಡ ನಾಯಿಗೂ ಹಗಲಲ್ಲಿ ಒಂದೇ ಸಲಕ್ಕೆ ನಾಲ್ಕೈದು ಗಂಟೆ ಸಾಕು. ಗೂಡಿಗೆ ಹೋಗುವ ಮೊದಲು ವಾಕಿಂಗ್, ಹೊರಬಂದ ತಕ್ಷಣ ನೇರ ಹೊರಗೆ. ಈ ಎರಡು ತಪ್ಪದಿದ್ದರೆ ಹಾಲ್‌ನ ಕೆರೆಗಳು ತಾವಾಗಿ ಬತ್ತುತ್ತವೆ.

ನಿಮ್ಮದು ಎಂಟು ಗಂಟೆಯ ಶಿಫ್ಟ್. ಕಾಪುವಿನಿಂದ ಬಂದುಹೋಗುವವರಾದರೆ ಬಸ್ಸಿನ ಹೊತ್ತೂ ಸೇರಿತು. ಅಷ್ಟು ಹೊತ್ತು ಗೂಡಿನಲ್ಲಿಟ್ಟರೆ ಅದು ಟ್ರೈನಿಂಗ್ ಅಲ್ಲ, ಹಿಂಸೆ. ಪರಿಹಾರ ಹುಡುಕಿ: ಊಟದ ಬಿಡುವಿಗೆ ಮನೆಗೆ ಬನ್ನಿ. ರೂಮ್‌ಮೇಟ್‌ಗಳಿದ್ದರೆ ಡ್ಯೂಟಿ ರೋಸ್ಟರ್ ಬರೆಯಿರಿ. ಪಕ್ಕದ ಮನೆಯ ಆಂಟಿಗೆ ಮಲ್ಲಿಗೆ ಚೆಂಡು ಕೊಟ್ಟು ಮಧ್ಯಾಹ್ನ ಹತ್ತು ನಿಮಿಷ ಕೇಳಿಕೊಳ್ಳಿ. ಯಾವುದೂ ಆಗದಿದ್ದರೆ ಒಂದು ಕೋಣೆಯ ಬಾಗಿಲಿಗೆ ಬೇಬಿ ಗೇಟ್ ಹಾಕಿ, ಗೂಡನ್ನು ಬಾಗಿಲು ತೆರೆದು ಒಳಗಿಡಿ. ಇದೂ ಆಗುವುದಿಲ್ಲ ಎನ್ನುವವರು ಈ ವರ್ಷ ನಾಯಿ ತರಬೇಡಿ, ಮೊದಲು ಪ್ರೊಬೇಷನ್ ಮುಗಿಸಿ.

ಕಾನೂನೂ ತಿಳಿದಿರಲಿ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಪ್ರಾಣಿ ಸಾಕಷ್ಟು ಅಲುಗಾಡಲು ಎಡೆಯಿಲ್ಲದಷ್ಟು ಚಿಕ್ಕ ಪಂಜರದಲ್ಲಿಡುವುದು ಅಪರಾಧ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ಒಡೆಯ ವ್ಯಾಯಾಮ ಕೊಡದಿರುವುದೂ ಅದೇ ಸೆಕ್ಷನ್‌ನಲ್ಲಿ ಅಪರಾಧವೇ. "ನಮ್ಮಲ್ಲಿ ಮೊದಲಿನಿಂದ ಹೀಗೇ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

10. "ಪಾಪ" ಅನ್ನುವ ಚಟ ಬಿಡಿ.
ಸಂಜೆ ಅಜ್ಜಿ ನೋಡುತ್ತಾರೆ. "ಎಂತ ಮಗಾ, ಅದನ್ನು ಬೋನಿಗೆ ಹಾಕುವುದಾ? ಪಾಪ ಅಲ್ವಾ?" ನೀವು ಕರಗಿ ಬಾಗಿಲು ತೆಗೆಯುತ್ತೀರಿ. ಮರಿ ಕಲಿಯಿತು: ಕುಂಯ್ ಅಂದರೆ ಬಾಗಿಲು ತೆರೆಯುತ್ತದೆ. ನಾಳೆ ಇನ್ನೂ ಜೋರಾಗಿ ಅಳುತ್ತದೆ, ನಾಡಿದ್ದು ಕೆಳಗಿನ ಫ್ಲೋರಿನವರು ಬೆಲ್ ಮಾಡುತ್ತಾರೆ.

ಬೆಳೆದ ನಾಯಿ ದಿನದ ಅರ್ಧ ಹೊತ್ತು ನಿದ್ದೆಯಲ್ಲೇ ಕಳೆಯುತ್ತದೆ, ಮರಿ ಅದಕ್ಕಿಂತಲೂ ಹೆಚ್ಚು. ಓಡಾಡಿ ದಣಿದ ಮರಿಗೆ ಯಾರೂ ಮುಟ್ಟದ ಒಂದು ಮೂಲೆ ಕೊಡುವುದು ಕ್ರೌರ್ಯವಲ್ಲ ಎಂದು ಅಜ್ಜಿಗೆ ಹೇಳಿ. ಅಜ್ಜಿಯ ಕೈಯಿಂದಲೇ ಒಳಗೆ ತಿಂಡಿ ಹಾಕಿಸಿ. ಎರಡು ದಿನದಲ್ಲಿ ಅವರೇ ನಿಮಗಿಂತ ಕಟ್ಟುನಿಟ್ಟು.

ಆದರೆ ಅಳುವಿನಲ್ಲಿ ವ್ಯತ್ಯಾಸ ಗುರುತಿಸಿ. ನಡುರಾತ್ರಿ ಮಲಗಿದ್ದ ಎಳೆ ಮರಿ ಎದ್ದು ಚಡಪಡಿಸಿ ಕುಂಯ್‌ಗುಟ್ಟಿದರೆ ಉಚ್ಚೆ ಬಂದಿದೆ. ಮಾತಾಡದೆ, ಆಡಿಸದೆ ಹೊರಗೆ ಒಯ್ದು ತನ್ನಿ. ಈಗಷ್ಟೇ ಹೊರಗೆ ಹೋಗಿಬಂದು ಬರೀ ರಾಗ ಎಳೆಯುತ್ತಿದ್ದರೆ ಒಂದು ಕ್ಷಣ ಸುಮ್ಮನಾಗುವುದನ್ನು ಕಾಯಿರಿ, ಆಗ ತೆಗೆಯಿರಿ. ಮೊದಲ ವಾರಗಳಲ್ಲಿ ಗೂಡನ್ನು ನಿಮ್ಮ ಮಂಚದ ಪಕ್ಕ ಇಟ್ಟರೆ ಅರ್ಧ ಅಳು ಹುಟ್ಟುವುದೇ ಇಲ್ಲ.

11. ಶಿಕ್ಷೆಗೆ ಗೂಡು ಬಳಸಬೇಡಿ. ಬೆಲ್ಟ್ ಬಿಚ್ಚದೆ ಒಳಗೆ ಬಿಡಬೇಡಿ.
ಬೈದು ಒಳಗೆ ಹಾಕಿದ ಗೂಡಿಗೆ ನಾಯಿ ಮತ್ತೆ ಸಂತೋಷದಿಂದ ಹೋಗುವುದಿಲ್ಲ. ಕುತ್ತಿಗೆಯ ಬೆಲ್ಟ್ ಸರಳಿಗೆ ಸಿಕ್ಕಿದರೆ ಉಸಿರುಕಟ್ಟುತ್ತದೆ. ಎರಡಕ್ಕೂ ವಿನಾಯಿತಿ ಇಲ್ಲ.

12. ಮಳೆಗಾಲಕ್ಕೆ ಬೇರೆ ರೂಲ್.
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಬಟ್ಟೆಯೇ ಒಣಗುವುದಿಲ್ಲ, ನಾಯಿಯ ಹಾಸಿಗೆ ಎಲ್ಲಿ ಒಣಗೀತು? ದಪ್ಪ ಸ್ಪಂಜಿನ ಬೆಡ್ ಕಪಾಟಿಗೆ ಹಾಕಿ. ಹಳೇ ಕಾಟನ್ ಸೀರೆ, ಬೈರಾಸು ಮಡಚಿ ಹಾಸಿ. ನಾಲ್ಕು ಜೊತೆ ಇಟ್ಟುಕೊಂಡು ಸರದಿಯಲ್ಲಿ ತೊಳೆಯಿರಿ. ಗೋಣಿಚೀಲ, ಬೈಹುಲ್ಲು ಪಸೆ ಹಿಡಿದು ಬೂಷ್ಟು ಕಟ್ಟುತ್ತವೆ, ನಾಯಿಗೆ ತುರಿಕೆ ಹತ್ತುತ್ತದೆ. ವಾಕಿಂಗ್‌ನಿಂದ ಬಂದವರು ಪಾದದ ಬೆರಳ ಸಂದಿ ಒರೆಸದೆ ಒಳಗೆ ಬಿಡಬೇಡಿ.

ವಾರಕ್ಕೊಮ್ಮೆ ಟ್ರೇ ತೆಗೆದು ಮೂಲೆಗಳಿಗೆ ಟಾರ್ಚ್ ಬಿಡಿ. ಗೋಡೆ ಬಿರುಕಿನಲ್ಲಿ, ಗೂಡಿನ ಮೂಲೆಯಲ್ಲಿ ಉಣ್ಣಿ ಅಡಗುತ್ತದೆ. ನಾಯಿಯ ಮೈಮೇಲಿನದನ್ನು ಮಾತ್ರ ಹೆಕ್ಕಿದರೆ ಯುದ್ಧ ಮುಗಿಯುವುದಿಲ್ಲ. ಟಿಕ್ ಫೀವರ್ ಹುಡುಗಾಟವಲ್ಲ, ಔಷಧಿಗೆ ಪಶುವೈದ್ಯರನ್ನೇ ಕೇಳಿ. ತೊಳೆಯಲು ಸೋಪು ನೀರು ಸಾಕು, ವಾಸನೆಗೆ ನೀರು ಬೆರೆಸಿದ ವಿನೆಗರ್. ಫಿನಾಯಿಲ್ ಬೇಡ: ನೆಕ್ಕಿದರೆ ವಿಷ. ಅಮೋನಿಯಾ ಇರುವ ಕ್ಲೀನರ್ ನಾಯಿಯ ಮೂಗಿಗೆ ಉಚ್ಚೆಯಂತೆಯೇ ಬಡಿಯುತ್ತದೆ, ಅಲ್ಲೇ ಮತ್ತೆ ಮಾಡುತ್ತದೆ.

13. ಹಬ್ಬದ ಕ್ಯಾಲೆಂಡರ್ ಮುಂದಿಟ್ಟು ತಯಾರಿ ಮಾಡಿ.
ದೀಪಾವಳಿ ಒಂದೇ ಎಂದುಕೊಂಡರೆ ನೀವು ಹೊಸಬರು. ವಿಟ್ಲಪಿಂಡಿಗೆ ಹುಲಿವೇಷದ ತಾಸೆ ವಾದ್ಯ ಮನೆಬಾಗಿಲಿಗೇ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಕೃಷ್ಣಮಠದ ಪರ್ಯಾಯದ ರಾತ್ರಿ ಉಡುಪಿ ಪೇಟೆ ಮಲಗುವುದೇ ಇಲ್ಲ. ದೀಪಾವಳಿಯಿಂದ ಪತ್ತನಾಜೆಯವರೆಗೆ ನೇಮ, ಕೋಲ, ಯಕ್ಷಗಾನ. ಎಲ್ಲೋ ಒಂದು ಗರ್ನಲ್ ಪಟಾಕಿ ಹಾರಿದರೆ ನಿಮ್ಮ ನಾಯಿ ಮಂಚದ ಅಡಿ.

ಮೂರು ನಾಲ್ಕು ವಾರ ಮೊದಲೇ ಶುರುಮಾಡಿ. ಮೊಬೈಲಿನಲ್ಲಿ ಪಟಾಕಿ, ತಾಸೆಯ ಸದ್ದು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಗೂಡಿನೊಳಗೆ ತಿಂಡಿ ಕೊಡಿ. ದಿನ ದಿನ ಚೂರು ಚೂರೇ ಏರಿಸಿ, ಕಿವಿ ಹಿಂದಕ್ಕೆ ಹೋದರೆ ಇಳಿಸಿ. ಆ ದಿನ ಬಂದಾಗ ಗೂಡಿನ ಮೂರು ಬದಿಗೆ ಬೆಡ್‌ಶೀಟ್ ಹೊದಿಸಿ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ. ಬಾಗಿಲು ಮಾತ್ರ ತೆರೆದೇ ಇರಲಿ. ಹೆದರಿದ ನಾಯಿಯನ್ನು ಚಿಲಕ ಹಾಕಿ ಇಟ್ಟರೆ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ. ವಿಪರೀತ ಹೆದರುವ ನಾಯಿಗೆ ವೈದ್ಯರ ಬಳಿ ಔಷಧಿ ಉಂಟು. ಹಬ್ಬದ ಹಿಂದಿನ ದಿನ ಓಡಬೇಡಿ, ವಾರ ಮೊದಲೇ ಹೋಗಿ.

14. ರೆಡ್ ಸಿಗ್ನಲ್ ಕಂಡರೆ ನಿಲ್ಲಿಸಿ.
ಜೊಲ್ಲಿನಿಂದ ಎದೆ ಒದ್ದೆ, ಉಗುರಿನಲ್ಲಿ ರಕ್ತ, ಬಾಗಿದ ಸರಳು, ನೀವು ಚಪ್ಪಲಿ ಹಾಕುವಾಗಲೇ ನಡುಕ: ಇದು ಹಟವಲ್ಲ, ಒಂಟಿತನದ ಭಯ. ವರ್ಷಗಟ್ಟಲೆ ಕಟ್ಟಿಹಾಕಿದ್ದ ಕಡೆಯಿಂದ ತಂದ ನಾಯಿಗಳಲ್ಲಿ ಇದು ಕಾಣುವುದುಂಟು. ಇನ್ನಷ್ಟು ಗಟ್ಟಿ ಗೂಡು ತಂದರೆ ರೋಗ ಹೆಚ್ಚಾಗುತ್ತದೆ, ಅಷ್ಟೆ. ಬಾಗಿಲು ತೆಗೆದುಬಿಡಿ, ಪಶುವೈದ್ಯರಿಗೆ ವಿಡಿಯೋ ಮಾಡಿ ತೋರಿಸಿ. ಎಲ್ಲ ನಾಯಿಗೂ ಗೂಡು ಬೇಕೆಂದೇನೂ ಇಲ್ಲ. ಚಾವಡಿಯ ಮೂಲೆಯ ಚಾಪೆಯಲ್ಲೇ ಸುಖವಾಗಿರುವ ಹತ್ತು ವರ್ಷದ ಊರ ನಾಯಿಯನ್ನು ಈಗ ಟ್ರೈನ್ ಮಾಡಲು ಹೊರಡಬೇಡಿ.

15. ಪ್ರಯಾಣಕ್ಕೆ ಮೊದಲೇ ರಿಹರ್ಸಲ್.
ಗೂಡಿನ ಅಭ್ಯಾಸ ಇರುವ ನಾಯಿಗೆ ಪ್ರಯಾಣ ಸಲೀಸು. ಮೊದಲು ನಿಂತ ಕಾರಿನಲ್ಲಿ ನೀವೂ ಜತೆಗೆ ಕೂತು ಐದು ನಿಮಿಷ, ಆಮೇಲೆ ಮಣಿಪಾಲದ ಟೈಗರ್ ಸರ್ಕಲ್‌ವರೆಗೆ ಒಂದು ಸುತ್ತು, ಆಮೇಲೆ ಕಾರ್ಕಳ. ಕ್ರೇಟ್ ಅನ್ನು ಬೆಲ್ಟ್ ಅಥವಾ ಹಗ್ಗದಿಂದ ಬಿಗಿಯಿರಿ. ಹೆದ್ದಾರಿ 66ರಲ್ಲಿ ಒಮ್ಮೆ ಬ್ರೇಕ್ ಹಾಕಿದರೆ ಗೂಡೇ ಮುಂದಿನ ಸೀಟಿಗೆ ಬರುತ್ತದೆ. ಆಗುಂಬೆ ಘಾಟಿ ಹತ್ತುವುದಿದ್ದರೆ ಮೂರು ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿ. ಪಾರ್ಕ್ ಮಾಡಿದ ಕಾರಿನಲ್ಲಿ ಐದು ನಿಮಿಷಕ್ಕೂ ಬಿಟ್ಟು ಹೋಗಬೇಡಿ.

ವಿಮಾನಕ್ಕೆ, ವಿಮಾನ ಕಂಪನಿಗಳ ಸಂಘವಾದ ಐಎಟಿಎಯ ಅಳತೆ ಬೇರೆ. ಮೂಗಿನಿಂದ ಬಾಲದ ಬುಡದ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಗೂಡಿನ ಉದ್ದ. ಭುಜದ ಅಗಲದ ಎರಡರಷ್ಟು ಗೂಡಿನ ಅಗಲ. ನೆತ್ತಿ ಅಥವಾ ಕಿವಿಯ ಎತ್ತರದ ಮೇಲೆ ಹಾಸಿನ ದಪ್ಪ ಸೇರಿಸಿದರೆ ಎತ್ತರ. ಮನೆಯ ಮಡಚುವ ತಂತಿ ಕ್ರೇಟ್ ಅಲ್ಲಿ ನಡೆಯುವುದಿಲ್ಲ.

ರೈಲಿನಲ್ಲಿ ಸ್ಲೀಪರ್, ಥರ್ಡ್ ಎಸಿ, ಸೆಕೆಂಡ್ ಎಸಿಗೆ ನಾಯಿಯನ್ನು ಹತ್ತಿಸುವಂತಿಲ್ಲ. ಫಸ್ಟ್ ಎಸಿಯಲ್ಲಿ ಇಡೀ ಕೂಪೆ ನಿಮ್ಮದಾಗಿದ್ದರೆ ಜತೆಗೆ ಒಯ್ಯಬಹುದು. ಇಲ್ಲವಾದರೆ ಗಾರ್ಡ್ ವ್ಯಾನಿನ ಡಾಗ್ ಬಾಕ್ಸ್. ಆ ಬಾಕ್ಸ್ ಇಕ್ಕಟ್ಟು, ಕತ್ತಲೆ, ಸದ್ದು. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈವರೆಗೆ ಒಂದು ರಾತ್ರಿ ಅದರಲ್ಲಿ ಕಳೆಯುವ ನಾಯಿಗೆ ಗೂಡಿನ ಅಭ್ಯಾಸ ಮೊದಲೇ ಇರಬೇಕು. ಲಸಿಕೆಯ ಕಾರ್ಡ್, ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್ ಕೈಯಲ್ಲಿಟ್ಟುಕೊಂಡು, ನಿಮ್ಮ ಟಿಕೆಟ್ ಮಾಡುವ ಮೊದಲೇ ಇಂದ್ರಾಳಿಯ ಉಡುಪಿ ಸ್ಟೇಷನ್‌ಗೆ ಹೋಗಿ ವಿಚಾರಿಸಿ. ಹೋಗುವಾಗ ಅಲ್ಲಿ ನಿಂತ ರೈಲಿನ ಡಾಗ್ ಬಾಕ್ಸ್ ನೋಡಲು ಸಿಕ್ಕರೆ ನೋಡಿಬನ್ನಿ, ಟೇಪ್ ಜೇಬಿನಲ್ಲಿರಲಿ.